ವಾಲ್ಟರನ ಮಂಡಿನೋವಿನ ಎಣ್ಣೆ

ಅರವತ್ಮೂರು ವರ್ಷ ಬದುಕಿಯೂ ಒಂದು ದಿನವಾದರೂ ಅಮಲು ಅಂದರೇನೆಂದು ತಿಳಿಯದೆ ಸಾಯುವುದು ಘೋರ ಅನ್ಯಾಯವೆಂದು ವಾಲ್ಟರ್ ಕಿನಾಕಿನ್‌ಗೆ ಅನಿಸಿದ್ದು ಟೊಮೆಟೊ ಗಿಡಗಳಿಗೆ ನೀರು ಬಿಡುವಾಗ. ನಮ್ಮ ಡೂಖಬೋರ್ ಕ್ರೈಸ್ತ ಪಂಥದ ಜನ ಮಾಂಸ ತಿನ್ನುವುದಿಲ್ಲ, ಹೆಂಡ ಕುಡಿಯುವುದಿಲ್ಲ, ಸಿಗರೇಟು ಸೇದುವುದಿಲ್ಲ. (ಮಿಕ್ಕ ಪಾಪಗಳಿಗೆ ಪುರುಸೊತ್ತು ಬೇಕು. ಹೆಂಡತಿ ಲೂಷಾ ಅವನಿಗೆ ಪುರುಸೊತ್ತು ಕೊಟ್ಟವಳಲ್ಲ.) ಆದರೆ ಈಗ ಮನೆಗೆ ನಾಲ್ಕು ಗಾಂಜಾ ಗಿಡ ಬೆಳೆಸಿಕೊಳ್ಳಿ ಎಂದು ಸರ್ಕಾರವೇ ಹೇಳಿಬಿಟ್ಟಿದೆ. ಬೇಲಿಯಾಚೆಯ ಮರ್ವಿನ್ ಅದರ ಎಣ್ಣೆಯನ್ನು ಸೂಪಿಗೆ ಹಾಕಿಕೊಂಡು, ಆಮೇಲೆ ಎರಡು ಗಂಟೆ ತನ್ನ ಕೋಳಿಗಳನ್ನೇ ನೋಡುತ್ತ ಕೂರುತ್ತಾನೆ. ಆ ಕೋಳಿಗಳಲ್ಲಿ ಅಂಥದ್ದೇನು ಕಾಣುತ್ತದೆ? ವಾಲ್ಟರನಿಗೆ ಅದು ಗೊತ್ತಾಗಲೇಬೇಕಿತ್ತು. ಲೂಷಾಗೆ ಮಾತ್ರ ಗೊತ್ತಾಗಬಾರದಿತ್ತು.

ಮರ್ವಿನ್ ಕೊಟ್ಟ ಹೂವಿನ ಪೊಟ್ಟಣವನ್ನು ಸೂರ್ಯಕಾಂತಿ ಎಣ್ಣೆಗೆ ಸುರಿದು ಸಣ್ಣ ಉರಿಯಲ್ಲಿ ಇಟ್ಟ. ಅರ್ಧ ಗಂಟೆಯಲ್ಲಿ ಮನೆಯೆಲ್ಲ ಗಬ್ಬೆದ್ದು ಹೋಯಿತು.

"ಏನದು ವಾಸನೆ? ಎಲ್ಲಾದ್ರೂ ಇಲಿ ಸತ್ತಿದೆಯಾ?" ಎನ್ನುತ್ತ ಲೂಷಾ ಬಂದಳು.

"ಮಂಡಿನೋವಿಗೆ ಎಣ್ಣೆ ಕಣೆ. ಹಚ್ಕೊಳ್ಳೋಕೆ."

"ಯಾವ ಮಂಡಿ?"

"ಎಡಗಡೇದು."

"ನಿನ್ನೆ ಬಲಗಾಲು ಕುಂಟ್ತಾ ಇದ್ದೆ."

"ನೋವು ಓಡಾಡ್ತಾ ಇರತ್ತೆ."

"ನೀನಂತೂ ಓಡಾಡಲ್ಲ, ನಿನ್ನ ನೋವಾದ್ರೂ ಓಡಾಡ್ಲಿ ಬಿಡು."

ಅಷ್ಟರಲ್ಲಿ ಎಂಬತ್ತೆಂಟು ವರ್ಷದ ಅತ್ತೆ ಮಲಾಷಾ ಮೂಗರಳಿಸಿಕೊಂಡು ಅಡುಗೆಮನೆಗೆ ಬಂದರು. ಮುಖ ಹಿಗ್ಗಿಹೋಗಿತ್ತು. "ಇದು ನಮ್ಮಮ್ಮ ಆಲೂಗಡ್ಡೆಗೆ ಹಾಕ್ತಿದ್ದ ಎಣ್ಣೆ ಅಲ್ವೇನಪ್ಪ? ಈ ಗಿಡದ ಎಣ್ಣೆ ಇಲ್ದೆ ನಮಗೆ ಊಟಾನೇ ಸೇರ್ತಿರ್ಲಿಲ್ಲ."

"ಅದು ಬೀಜದ ಎಣ್ಣೆ, ಅತ್ತೆ. ಇದು ಹೂವಿಂದು. ಇದನ್ನ ತಿನ್ನಬಾರ್ದು."

"ಬೀಜ ತಿನ್ನಬಹುದು, ಹೂವು ತಿನ್ನಬಾರ್ದಾ? ನನಗೇ ಹೇಳಿಕೊಡೋಕೆ ಬಂದ ನೋಡು. ಲೂಷಾ, ನಾಳೆ ಮಧ್ಯಾಹ್ನ ಆಲೂಗಡ್ಡೆ ಬೇಯಿಸು."

ವಾಲ್ಟರ್ ಎಣ್ಣೆಯನ್ನು ಸೋಸಿ ಜಾಡಿಗೆ ತುಂಬಿ, ಕಪಾಟಿನ ಮೇಲುಗಡೆ ಇಟ್ಟ. ಅತ್ತೆಯ ಕೈಗೆ ಎಟುಕದು ಎಂಬ ಧೈರ್ಯ. ಮರುದಿನ ಲೂಷಾ ಹಿತ್ತಲಲ್ಲಿ ಹುರುಳಿಕಾಯಿ ಕೀಳುತ್ತಿದ್ದಾಗ ಅವನು ಒಳಗೆ ಬಂದು ನೋಡಿದರೆ, ಕುರ್ಚಿ ಕಪಾಟಿನ ಪಕ್ಕದಲ್ಲಿತ್ತು, ಜಾಡಿ ಮೇಜಿನ ಮೇಲಿತ್ತು, ಅತ್ತೆಯ ತಟ್ಟೆಯಲ್ಲಿ ಆಲೂಗಡ್ಡೆ ಎಣ್ಣೆಯಲ್ಲಿ ತೇಲುತ್ತಿತ್ತು.

"ಆರಿಹೋಗಿದೆ ಅತ್ತೆ, ಬಿಸಿದು ಹಾಕ್ಕೊಡ್ತೀನಿ" ಎಂದು ತಟ್ಟೆ ಕಿತ್ತುಕೊಂಡ. ಬೆಣ್ಣೆ ಹಾಕಿದ ಬೇರೆ ತಟ್ಟೆ ಕೊಟ್ಟ. ಅವರು ಗೊಣಗಿಕೊಂಡೇ ತಿಂದರು.

ಈಗ ಕೈಯಲ್ಲಿರುವುದನ್ನು ಏನು ಮಾಡುವುದು? ಚೆಲ್ಲಬಹುದಿತ್ತು. ಚೆಲ್ಲಲು ಹೋದವನೇ ಸಿಂಕಿನ ಮುಂದೆ ನಿಂತು ಅಷ್ಟನ್ನೂ ತಿಂದು ಮುಗಿಸಿದ. (ಅತ್ತೆಯ ಪ್ರಾಣರಕ್ಷಣೆಗಾಗಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.) ಸಬ್ಬಸಿಗೆ ಸೊಪ್ಪಿನ ರುಚಿ ಬಂತು. ಅಮಲಿನ ಮೊದಲ ಲಕ್ಷಣ ಇದೇ ಇರಬೇಕು ಎಂದುಕೊಂಡ.

ಹೊರಗೆ ಹೋಗಿ ಮರ್ವಿನ್‌ನ ಕೋಳಿಗಳ ಎದುರು ಕೂತ. ಹತ್ತು ನಿಮಿಷದಲ್ಲಿ ಮಂಡಿ ಹಗುರವಾಯಿತು. ಮೋಡಗಳು ಬೇಕೆಂದೇ ನಿಧಾನವಾಗಿ ಹೋಗತೊಡಗಿದವು. ಕಂದು ಕೋಳಿಯೊಂದು ಅವನನ್ನು ನೋಡಿದ ನೋಟದಲ್ಲಿ ಎಂಥ ಅಂತಃಕರಣ! ಜಗತ್ತಿನ ಮೇಲೆಲ್ಲ ಪ್ರೀತಿ ಉಕ್ಕಿ, ಇನ್ನು ಯಾರಿಂದಲೂ ಏನನ್ನೂ ಮುಚ್ಚಿಡಬಾರದು ಎನಿಸಿ, ನೆಟ್ಟಗೆ ಹುರುಳಿಕಾಯಿ ಸಾಲಿಗೆ ನಡೆದ.

"ಲೂಷಾ, ಆ ಎಣ್ಣೆ ಮಂಡಿಗಲ್ಲ. ತಿಂದ್ರೆ ಹೇಗಿರತ್ತೆ ನೋಡೋಣ ಅಂತ ಮಾಡಿದ್ದು. ತಿಂದೆ. ಅಮಲೇರಿದೆ."

"ಹೌದಾ?" ಲೂಷಾ ಕಾಯಿ ಕೀಳುತ್ತಲೇ ಇದ್ದಳು.

"ಇನ್ನೊಂದಿದೆ. ಪ್ರಾರ್ಥನಾ ಮಂದಿರದಲ್ಲಿ ನೀನು ಹಾಡಿಸ್ತೀಯಲ್ಲ, ನಾನು ಮೂವತ್ತೊಂದು ವರ್ಷದಿಂದ ಹಾಡೇ ಇಲ್ಲ. ಬಾಯಿ ಮಾತ್ರ ಆಡಿಸ್ತೀನಿ. ಎದುರಿಗೆ ನಿಂತ್ಕೊಂಡಾಗ ನೀನು ಬಹಳ ಚೆನ್ನಾಗಿ ಕಾಣ್ತೀಯ. ಅದಕ್ಕೇ ಬರ್ತೀನಿ."

ಲೂಷಾಳ ಕೈ ನಿಂತಿತು. "ಒಂದು ಸಲಾನೂ ಸ್ವರ ತಪ್ಪದೋನು ನೀನೊಬ್ಬನೇ ಅಂತ ನಾನು ಎಲ್ಲರ ಮುಂದೆ ಹೇಳ್ಕೊಂಡು ಬಂದಿದ್ದೀನಲ್ಲೋ."

"ತಪ್ಪೋದು ಹೇಗೆ?" ಎಂದ ವಾಲ್ಟರ್ ಪ್ರೀತಿಯಿಂದ.

ಅವಳು ಬುಟ್ಟಿ ಕೆಳಗಿಟ್ಟಳು. "ಅಮ್ಮ ಸುಮ್ನಿರಲ್ಲ ಅಂತ ನಿನ್ನೆ ಸಂಜೇನೇ ಜಾಡಿ ಬದಲಾಯಿಸ್ದೆ. ನಿನ್ನ ಎಣ್ಣೆ ಸೌದೆಮನೇಲಿ ಬೀಗದ ಹಿಂದೆ ಇದೆ. ನೀನು ತಿಂದಿದ್ದು ಬರೀ ಸೂರ್ಯಕಾಂತಿ ಎಣ್ಣೆ. ಹಸಿರಾಗಿ ಕಾಣ್ಲಿ ಅಂತ ಸಬ್ಬಸಿಗೆ ಹಾಕಿದ್ದೆ."

ವಾಲ್ಟರನ ಎರಡೂ ಮಂಡಿ ಒಟ್ಟಿಗೇ ನೋಯತೊಡಗಿದವು. ಮೋಡಗಳು ತಮ್ಮ ಪಾಡಿಗೆ ತಾವು ಹೋದವು.

"ಹಾಗಾದ್ರೆ ಈಗ ಹೇಳಿದ್ದೆಲ್ಲ..."

"ಪೂರ್ತಿ ಎಚ್ಚರದಲ್ಲೇ ಹೇಳಿದ್ದೀಯ. ಸರಿ, ನಿಂತ್ಕೋ. ಭಾನುವಾರದ ಮೊದಲನೇ ಕೀರ್ತನೆ ಹಾಡು. ಗಟ್ಟಿಯಾಗಿ."

ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಮೂವತ್ತೊಂದು ವರ್ಷ ಕೂಡಿಟ್ಟಿದ್ದ ದನಿಯನ್ನು ವಾಲ್ಟರ್ ಒಂದೇ ಸಲಕ್ಕೆ ಹೊರಗೆ ಬಿಟ್ಟ. ಲೂಷಾ ಕಣ್ಣು ಮುಚ್ಚಿಕೊಂಡು ಒಂದು ಚರಣ ಪೂರ್ತಿ ಕೇಳಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು, ಅವನ ತೋಳು ತಟ್ಟಿ ಹೇಳಿದಳು:

"ಭಾನುವಾರ ಬಾಯಿ ಮಾತ್ರ ಆಡಿಸು."