ಮೂರು ತಿಂಗಳಾದರೂ ಒಣಗದ ಅಸ್ತರಿನವರ ಸನ್ನಿಧಾನಕ್ಕೆ

ಸಿರುಗುಪ್ಪ
1894ನೇ ಇಸವಿ, ಜಯ ಸಂವತ್ಸರ, ಕಾರಹುಣ್ಣಿಮೆ ಕಳೆದ ಮಂಗಳವಾರ, ಮುಂಜಾನೆ

ನನ್ನ ಕೊಟ್ಟಿಗೆಯಲ್ಲಿ ನಿಂತಿರುವ ಹಳೆಯ ಸಾರೋಟಿನ ಮೈಮೇಲೆ, ಕೆಳಗಿನ ಮರಕ್ಕೂ ಮೇಲೆ ಬರಬೇಕಾಗಿರುವ ಹಸಿರು ಬಣ್ಣಕ್ಕೂ ನಡುವೆ, ಯುಗಾದಿಗೆ ಮೊದಲಿನಿಂದಲೂ ಬಿಡಾರ ಹೂಡಿರುವ ಕೆಂಪು ಅಸ್ತರಿನವರ, ಎಂದರೆ ಮೊದಲ ಕೈ ಬಣ್ಣದವರ, ದಿವ್ಯ ಸನ್ನಿಧಾನಕ್ಕೆ, ಸಿರುಗುಪ್ಪದ ಕಚೇರಿಯ ಮುಂದೆ ಬೇವಿನ ಮರದಡಿ ಕೂತು ಊರವರ ಅರ್ಜಿ ಬರೆದುಕೊಡುವ ಕೆಂಚಣ್ಣನು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ನಿನ್ನೆ ತಮಗೂ ನನಗೂ ನಡುವೆ ನಡೆದ ಸಂಗತಿಯನ್ನು ಮೊಟ್ಟಮೊದಲು ಹೇಳಿದ ಕೀರ್ತಿ ಕರೂರಿನ ಜಡೆಮ್ಮನಿಗೆ ಸಲ್ಲಬೇಕು. ನಮ್ಮೂರಿನ ಸೋಮವಾರದ ಸಂತೆ ಮುಗಿಸಿಕೊಂಡು ಸಂಜೆ ತನ್ನೂರು ಸೇರಿದವಳು, ತಲೆಯ ಮೇಲಿನ ಬುಟ್ಟಿ ಇಳಿಸುವ ಮೊದಲೇ ಬಾವಿಕಟ್ಟೆಯ ಮೇಲೆ ನಿಂತು ಅದನ್ನು ಹೇಳಿದಳಂತೆ. ನೀರು ಸೇದುತ್ತಿದ್ದ ಹೆಂಗಸರು ಹಗ್ಗ ಹಿಡಿದವರು ಹಿಡಿದಂತೆಯೇ ನಿಂತು ಕೇಳಿದರಂತೆ. ಕೇಳಿದವರಲ್ಲಿ, ಮೂರು ತಿಂಗಳಿಂದ ಅಲ್ಲಿಯೇ ತವರಿನಲ್ಲಿರುವ ನನ್ನ ಹೆಂಡತಿ ಚನ್ನಬಸಮ್ಮನೂ ಇದ್ದಳಂತೆ. ಕರೂರಿನಿಂದ ಕಟ್ಟಿಗೆ ಗಾಡಿ ಹೊಡೆದುಕೊಂಡು ಬಂದ ಎರ್ರಣ್ಣ ಇದನ್ನೆಲ್ಲ ಈಗಷ್ಟೇ ನನಗೆ ವರದಿ ಮಾಡಿ, ನಡುವೆ ಎರಡು ಸಲ ಗಾಡಿಯಿಂದ ಇಳಿದು ನಕ್ಕು ಹೋದ. ಸಂಗತಿ ನಡೆದದ್ದು ನನ್ನ ಮೈಮೇಲೆಯೇ ಆದರೂ, ಜಡೆಮ್ಮ ಹೇಳಿದ್ದರಲ್ಲಿ ನನಗೇ ಗೊತ್ತಿಲ್ಲದ ನಾಲ್ಕಾರು ವಿವರಗಳಿದ್ದವು. ಇನ್ನು ಸುಮ್ಮನಿದ್ದರೆ ತಮ್ಮ ಮರ್ಯಾದೆಗೂ ನನ್ನ ಮರ್ಯಾದೆಗೂ ಒಳ್ಳೆಯದಲ್ಲವೆಂದು ತಿಳಿದು ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ.

ತಾವು ಯಾರ ಮೈಮೇಲೆ ಕೂತಿದ್ದೀರಿ ಎಂಬುದನ್ನು ಮೊದಲು ನೆನಪಿಸಲು ಅಪ್ಪಣೆ ಬೇಡುತ್ತೇನೆ. ಚನ್ನಬಸಮ್ಮ ಮದುವೆಯಾಗಿ ಈ ಊರಿಗೆ ಬಂದದ್ದು ಭತ್ತದ ಹುಲ್ಲು ಹೇರುವ ಬಂಡಿಯಲ್ಲಿ, ನೆತ್ತಿಗೆ ಸೆರಗು ಹಿಡಿದುಕೊಂಡು, ಮಟಮಟ ಮಧ್ಯಾಹ್ನ. ಆ ದಿನ ನಾನು, ಒಂದಲ್ಲ ಒಂದು ದಿನ ನೆತ್ತಿಯ ಮೇಲೆ ಮಾಡು ಇರುವ ಸಾರೋಟಿನಲ್ಲಿ ನಿನ್ನನ್ನು ಕರೂರಿನಿಂದ ಕರೆದುಕೊಂಡು ಬರುತ್ತೇನೆ ಎಂದು ಮಾತು ಕೊಟ್ಟೆ. ಆರು ವರ್ಷ ಆ ಮಾತು ಹಾಗೆಯೇ ಇತ್ತು. ಬಳ್ಳಾರಿಯ ದಂಡಿನಲ್ಲಿ ಒಬ್ಬ ಇಂಗ್ಲಿಷ್ ದೊರೆ ತನ್ನ ಸೀಮೆಗೆ ಹೊರಟು ನಿಂತು ಸಾಮಾನು ಹರಾಜು ಹಾಕಿದಾಗ, ಯಾರೂ ಕೂಗದ ಈ ಸಾರೋಟನ್ನು ನಾನೊಬ್ಬನೇ ಕೂಗಿದೆ. ಅದರ ನಾಲ್ಕು ಚಕ್ರಗಳಲ್ಲಿ ಮೂರು ಚಕ್ರಗಳೇ ಆಗಿದ್ದವು. ಹಳೆಯ ಬಣ್ಣ ಹಾವಿನ ಪೊರೆಯಂತೆ ಏಳುತ್ತಿತ್ತು. ಬಿಸಿಲಿನಲ್ಲಿ ನಿಂತರೆ ಇನ್ನೂ ಕೆಡುತ್ತದೆಂದು ಅದನ್ನು ಕೊಟ್ಟಿಗೆಯೊಳಗೆ ತಂದು, ಅಲ್ಲಿದ್ದ ಎಮ್ಮೆಯನ್ನು ವಿನಯದಿಂದಲೇ ಹೊರಗೆ ಕಟ್ಟಿದೆ.

ಎರಡು ವರ್ಷ, ಕಚೇರಿ ಬಿಟ್ಟ ಮೇಲೆ ಊಟದ ಹೊತ್ತಿನವರೆಗೆ, ನಾನು ಆ ಕೊಟ್ಟಿಗೆಯಲ್ಲಿಯೇ ಇದ್ದೆ. ನಾಲ್ಕನೆಯ ಚಕ್ರವನ್ನು ಬಡಗಿಯಿಂದ ಸರಿಮಾಡಿಸಿದೆ. ಚಾಕುವಿನಿಂದ ಹಳೆಯ ಬಣ್ಣ ಕೆರೆದೆ. ಇಟ್ಟಿಗೆ ಚೂರು ನೀರಿನಲ್ಲಿ ಅದ್ದಿ ಮರವನ್ನು ಉಜ್ಜಿದೆ. ಸುಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಬಿರುಕುಗಳಿಗೆ ಮೆತ್ತಿ, ಒಣಗಿದ ಮೇಲೆ ಮತ್ತೆ ಉಜ್ಜಿದೆ. ಇದೆಲ್ಲ ಯಾರಿಗಾಗಿ ನಡೆಯುತ್ತಿತ್ತೋ ಅವಳು ಹೊರಗೆ ಬಿಸಿಲಿನಲ್ಲಿ ನಿಂತ ಎಮ್ಮೆಯ ಬೆನ್ನಿಗೆ ಒದ್ದೆ ಗೋಣಿ ಹೊದಿಸುತ್ತ ಒಂದೊಂದು ಮಾತು ಹೇಳುತ್ತಿದ್ದಳು. ಕೊನೆಗೆ ತಮ್ಮ ಆಗಮನವಾಗಿ, ತಮ್ಮ ಕೆಂಪು ನನ್ನ ಕೈಯಿಂದ ರೊಟ್ಟಿಗೂ ರೊಟ್ಟಿಯಿಂದ ಮನೆಯ ಬಾಗಿಲಿಗೂ ಹತ್ತಿದ ದಿನ, ಅವಳು ಎಮ್ಮೆಯ ಹಗ್ಗ ಬಿಚ್ಚಿಕೊಂಡು, "ಆ ಬಂಡಿ ಒಣಗಿ ಕೊಟಗಿ ಬಿಟ್ಟು ಹೊರಗ ಬಂದ ದಿನ ಅದರಾಗ ಬಂದು ಕರಕೊಂಡು ಹೋಗ್ರಿ. ಅಲ್ಲೀತನಕ ನಾನೂ ಎಮ್ಮೀನೂ ಕರೂರಾಗ ಇರ್ತೀವಿ" ಎಂದು ಹೇಳಿ ಹೊರಟಳು. ಎಮ್ಮೆ ಹಿಂತಿರುಗಿ ನೋಡಿತು, ಅವಳು ನೋಡಲಿಲ್ಲ.

ಆದ್ದರಿಂದ, ಮಾನ್ಯರೇ, ತಾವು ಒಣಗುವುದಕ್ಕೂ ನನ್ನ ಹೆಂಡತಿ ಮನೆಗೆ ಬರುವುದಕ್ಕೂ ಇರುವ ಸಂಬಂಧವು ತಮ್ಮ ಗಮನಕ್ಕೆ ಬಾರದೆ ಇರಲಾರದು.

ತಮ್ಮ ಹುಟ್ಟಿನ ವಿಷಯವಾಗಿ ಊರಲ್ಲಿ ಆಡಿಕೊಳ್ಳುವ ಮಾತಿಗೂ ಇಲ್ಲಿಯೇ ಸಮಾಧಾನ ಹೇಳಿಬಿಡುತ್ತೇನೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ದೊರೆಗಳ ಗಾಡಿಗೆ ಬಣ್ಣ ಬಳಿಯುವ ರಾಜೇಸಾಬರು ನನಗೆ ಕ್ರಮ ಹೇಳಿಕೊಟ್ಟಿದ್ದು ನಿಜ. "ಮ್ಯಾಲಿನ ಬಣ್ಣ ನೋಡಾಕ, ಕೆಳಗಿನ ಅಸ್ತರು ಬಾಳಾಕ, ಕೆಂಚಣ್ಣಾರ. ಕೆಮ್ಮಣ್ಣು ನುಣ್ಣಗ ಅರದು, ಕಾಸಿದ ಅಗಸಿ ಎಣ್ಣ್ಯಾಗ ಕಲಸಿ ಹಚ್ಚರಿ. ನಾಕು ದಿನಕ್ಕ ಕಲ್ಲಿನಂಗ ಒಣಗತೈತಿ" ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ನನಗೂ ಸ್ಪಷ್ಟವಾಗಿಯೇ ಕೇಳಿಸಿತ್ತು. ಆದರೆ ಅಗಸೆ ಎಂದರೆ ನಮ್ಮ ಮನೆಯಲ್ಲಿ ಚಟ್ನಿಪುಡಿ ಮಾಡುವ ಕಾಳು. ದೊರೆ ಕೂತು ಓಡಾಡಿದ ಸಾರೋಟಿಗೆ ಚಟ್ನಿಯ ಎಣ್ಣೆ ಹಚ್ಚುವುದೇ? ತಲೆಗೆ ಹಾಕಿದರೆ ತಂಪು, ಕುಡಿದರೆ ಹೊಟ್ಟೆ ಹಗುರ, ದೀಪಕ್ಕೆ ಹಾಕಿದರೆ ಬೆಳಕು, ಬಂಡಿಯ ಅಚ್ಚಿಗೆ ಹಾಕಿದರೆ ಓಟ. ಇಂಥ ಹರಳೆಣ್ಣೆ ಇರುವಾಗ ಇನ್ನೊಂದು ಎಣ್ಣೆಯ ಮಾತೇಕೆ ಎಂದು ತೀರ್ಮಾನವಾಗಿ, ಕುರುಗೋಡಿನ ಗಾಣದಿಂದ ಒಂದು ದೊಡ್ಡ ಗಡಿಗೆ ಹರಳೆಣ್ಣೆ ಬಂತು. ತೀರ್ಮಾನ ಮಾಡಿದವರು ಯಾರೆಂಬುದನ್ನು ಇಂಥ ಪತ್ರದಲ್ಲಿ ಚರ್ಚಿಸುವುದು ಸಭ್ಯತೆಯಲ್ಲ. ಇಪ್ಪತ್ತು ದಿನವಾದರೂ ತಾವು ಒಣಗದಿದ್ದಾಗ, ತಮಗೆ ಸ್ವಲ್ಪ ನೆರವಾಗಲೆಂದು ಧೂಪಕ್ಕೆ ಹಾಕುವ ರಾಳವನ್ನು ಅದೇ ಎಣ್ಣೆಯಲ್ಲಿ ಕರಗಿಸಿ ಇನ್ನೊಂದು ಕೈ ಬಳಿದವರೂ ಅವರೇ.

ಸುದ್ದಿ ತಿಳಿದು ರಾಜೇಸಾಬರು ಬಳ್ಳಾರಿಯಿಂದ ಬಂದು, ಕೊಟ್ಟಿಗೆಯ ಹೊಸ್ತಿಲಲ್ಲಿಯೇ ನಿಂತು ಮೂಸಿದರು. "ಹರಳೆಣ್ಣಿ ಒಣಗಿದ್ದು ನಮ್ಮಪ್ಪನೂ ನೋಡಿಲ್ಲ, ಅವರಪ್ಪನೂ ನೋಡಿಲ್ಲ. ಇದು ಅಸ್ತರಲ್ಲರಿ, ನೊಣ ಹಿಡಿಯೋ ಬಲಿ ಐತಿ. ಕೆರದು ಒಗೀರಿ" ಎಂದರು. ಈ ಮಾತಿನಿಂದ ತಮಗಾದ ನೋವನ್ನು ನಾನು ಬಲ್ಲೆ. ನಾನು ತಮ್ಮನ್ನು ಬಿಟ್ಟುಕೊಡಲಿಲ್ಲ. ಎರಡು ವರ್ಷ ಕೆರೆದವನಿಗೆ ಮತ್ತೆ ಕೆರೆಯಲು ಹೇಳುವುದು ಸುಲಭ; ತಪ್ಪು ಹವೆಯದೇ ಇರಬೇಕೆಂದು ನಾನು ಅವರಿಗೆ ಹೇಳಿದೆ. ಅವರು ಆಕಾಶ ನೋಡಿದರು. ವೈಶಾಖದ ಬಿಸಿಲಿಗೆ ಊರಿನ ಕೆರೆಯೇ ಒಣಗಿತ್ತು.

ತಮ್ಮ ಗುಣಗಳನ್ನು ಹೊಗಳದೆ ದೂರನ್ನಷ್ಟೇ ಬರೆದರೆ ನಾನು ಕೃತಘ್ನನಾಗುತ್ತೇನೆ. ಬಂದವರನ್ನು ಹಿಡಿದು ಕೂಡಿಸಿಕೊಳ್ಳುವ ಸ್ವಭಾವದಲ್ಲಿ ತಮಗೆ ಸಮಾನರಿಲ್ಲ. ಎದುರು ಮನೆಯವರು ಜೋಳ ತೂರಿದಾಗ ಬಂದ ಹೊಟ್ಟು, ಮೇಲೆ ಹಾರಲು ಹೋದ ಹುಂಜದ ಬಾಲದ ಐದು ಗರಿ, ಮೂರು ಬೀದಿಯ ನೊಣಗಳು, ನಮ್ಮ ಊರಿನ ಧೂಳಿನಲ್ಲಿ ತಮ್ಮ ಪಾಲಿನದು, ಯಾವುದನ್ನೂ ತಾವು ಬೇಡವೆನ್ನಲಿಲ್ಲ. ಒಬ್ಬ ರೈತನಿಗೆ ಬರೆದುಕೊಟ್ಟ ಕಾಲುವೆ ನೀರಿನ ಅರ್ಜಿ ಗಾಳಿಗೆ ಹಾರಿ ಬಂದು ತಮ್ಮ ಬಳಿ ಸೇರಿದ್ದು ಇಂದಿಗೂ ತಮ್ಮಲ್ಲಿಯೇ ಇದೆ. ಹದಿನೈದು ವರ್ಷದಿಂದ ಕಚೇರಿಯ ಮುಂದೆ ಕೂತಿದ್ದೇನೆ. ಅರ್ಜಿಯನ್ನು ತಮ್ಮಷ್ಟು ಭದ್ರವಾಗಿ ಹಿಡಿದುಕೊಂಡು ಏನೂ ಮಾಡದೆ ಇರಬಲ್ಲ ಕೆಲವೇ ಅಧಿಕಾರಿಗಳನ್ನು ನೋಡಿದ್ದೇನೆ. ತಮಗೆ ಬಡ್ತಿ ಸಿಗಬೇಕೆಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ.

ಇನ್ನು ನಿನ್ನೆಯ ಸಂಗತಿ. ಬೆರಳ ತುದಿಯಿಂದ ಮುಟ್ಟಿದಾಗ ತಾವು ಮೊದಲಿಗಿಂತ ಕಡಿಮೆ ಅಂಟಿದಂತೆ ನನಗೆ ಅನಿಸಿತು. ನಂತರ ತಿಳಿದದ್ದೇನೆಂದರೆ, ಅಲ್ಲಿ ಧೂಳು ದಪ್ಪವಾಗಿತ್ತು. ಅಂದೇ ಕುದುರೆ ಹೂಡಿಸಿ ಕರೂರಿಗೆ ಹೋಗಬಹುದೆಂಬ ಹಿಗ್ಗಿನಲ್ಲಿ ಒಗೆದ ಪಂಚೆ ಉಟ್ಟು, ರುಮಾಲು ಸುತ್ತಿ, ಅವಳು ಕೂರುವ ಜಾಗದಲ್ಲಿ ನಾನೇ ಒಮ್ಮೆ ಕೂತು ನೋಡಿದೆ. ಕೂತದ್ದು ಸುಖವಾಗಿಯೇ ಇತ್ತು. ಏಳಲು ಹೋದಾಗ ತಮ್ಮ ಪ್ರೀತಿ ತಿಳಿಯಿತು. ಅದೇ ಹೊತ್ತಿಗೆ ಸಂತೆಗೆ ಮೆಣಸಿನಕಾಯಿ ಮಾರಲು ಬಂದ ಜಡೆಮ್ಮ, ಚನ್ನಬಸಮ್ಮ ಕೊಟ್ಟುಕಳಿಸಿದ ಉಪ್ಪಿನಕಾಯಿ ಭರಣಿ ಹಿಡಿದುಕೊಂಡು ಕೊಟ್ಟಿಗೆಗೆ ಇಣುಕಿದಳು.

"ಏಳ್ರಿ ಕೆಂಚಣ್ಣ, ಭರಣಿ ಹಿಡೀರಿ."

ನಾನು ಆಮೇಲೆ ಏಳುತ್ತೇನೆಂದೆ. ಅವಳು ಯಾವಾಗ ಎಂದಳು. ನಾನು ವಿಚಾರ ಮಾಡುತ್ತಿದ್ದೇನೆಂದೆ. ಅವಳು ಭರಣಿ ಕೆಳಗಿಟ್ಟು ನನ್ನ ಎರಡೂ ಕೈ ಹಿಡಿದು ಎಳೆದಳು. "ಅಯ್ಯ ಶಿವನ, ನಿಮ್ಮನ್ನ ಎಬ್ಬಿಸಿದ್ರ ಬಂಡೀನೂ ಏಳಾಕತ್ತೈತಲ್ರಿ! ಇಬ್ಬರನ್ನೂ ಕೂಡೇ ಕರೂರಿಗೆ ಹೊತಗೊಂಡು ಹೋಗ್ಲೇನು?" ಎಂದು ಕೇಳಿದಳು. ಕೊನೆಗೆ ಪಂಚೆಯ ಅರ್ಧವನ್ನು ತಮ್ಮ ವಶಕ್ಕೆ ಒಪ್ಪಿಸಿ, ಉಳಿದ ಅರ್ಧದ ಮೇಲೆ ಅವಳ ಬುಟ್ಟಿಯನ್ನು ಹಿಂದೆ ಹಿಡಿದುಕೊಂಡು ನಾನು ಮನೆಯೊಳಗೆ ಹೋದೆ. ಜಡೆಮ್ಮನ ಕಥೆಯಲ್ಲಿ ಬುಟ್ಟಿ ಇರಲಿಲ್ಲವಂತೆ. ಇದು ಅನ್ಯಾಯ.

ಆದಕಾರಣ ನನ್ನ ಪ್ರಾರ್ಥನೆಗಳನ್ನು ಮನ್ನಿಸಬೇಕು. ತಾವು ಬರುವ ಶುಕ್ರವಾರದೊಳಗೆ ಒಣಗಬೇಕು. ಪೂರ್ತಿ ಒಣಗುವುದು ತಮ್ಮ ಘನತೆಗೆ ಕುಂದೆನಿಸಿದರೆ, ಒಬ್ಬ ಹೆಂಗಸು ಕೂರುವಷ್ಟು ಅಗಲ ಮಾತ್ರ ಒಣಗಿ, ಉಳಿದ ಕಡೆ ತಮ್ಮ ಇಷ್ಟದಂತೆ ಇರಬಹುದು. ಅದೂ ಆಗದಿದ್ದರೆ ತಾವೇ ಕರೂರಿಗೆ ಹೋಗಿ, ಹೇಗೂ ತಮಗೆ ಹಿಡಿಯುವ ವಿದ್ಯೆ ಗೊತ್ತಿರುವುದರಿಂದ, ಅವಳನ್ನು ಹಿಡಿದುಕೊಂಡು ಬರಬೇಕು. ಮೂರು ತಿಂಗಳಿಂದ ಈ ಮನೆಯಲ್ಲಿ ಒಲೆ ನನ್ನ ಮಾತು ಕೇಳುವುದಿಲ್ಲ. ರೊಟ್ಟಿ ತಟ್ಟಿದರೆ ಅದು ನಮ್ಮ ತಾಲ್ಲೂಕಿನ ನಕ್ಷೆಯಾಗುತ್ತದೆ. ನಾನೊಂದು ಮಾತಾಡಿದರೆ ಮೊದಲು ಚನ್ನಬಸಮ್ಮ ಎದುರು ಮಾತಾಡುತ್ತಿದ್ದಳು; ಈಗ ಯಾರೂ ಎದುರು ಮಾತಾಡದೆ ನಾನು ಹೇಳಿದ್ದೆಲ್ಲ ಸರಿಯಾಗಿಯೇ ಉಳಿದುಬಿಡುತ್ತಿದೆ. ಅದು ಇಷ್ಟು ಬೇಸರದ ಸಂಗತಿಯೆಂದು ನನಗೆ ತಿಳಿದಿರಲಿಲ್ಲ.

ಈ ಪತ್ರವನ್ನು ಎಲ್ಲರೂ ನೋಡುವಂತೆ ತಮ್ಮ ಬಲಗಡೆಯ ಬಾಗಿಲಿನ ಮೇಲೆಯೇ ಅಂಟಿಸುತ್ತಿದ್ದೇನೆ. ಅಂಟಿನ ಖರ್ಚು ಉಳಿಸಿದ್ದಕ್ಕೆ ಮುಂಚಿತವಾಗಿಯೇ ವಂದನೆಗಳು.

ತಮ್ಮ ವಿಶ್ವಾಸಿ,
ಅರ್ಧ ಪಂಚೆಯ ಕೆಂಚಣ್ಣ

ತಾ.ಕ.: ಅದೇ ದಿನ, ಇಳಿಹೊತ್ತು. ನಿನ್ನೆ ಬಾವಿಕಟ್ಟೆಯಲ್ಲಿ ಕಥೆ ಕೇಳಿದವರು ಇಂದು ಬೆಳಗಾಗುತ್ತಲೇ ಏನು ಮಾಡಿದರೆಂಬುದನ್ನು ತಮಗೆ ತಿಳಿಸುವುದು ನನ್ನ ಕರ್ತವ್ಯ. ತಾವು ಈಗ ನಮ್ಮ ಅಂಗಳದಾಚೆಯ ಹುಣಸೆ ಮರದ ಬುಡದ ಚರಂಡಿಯಲ್ಲಿ ಹರಿಯುತ್ತಿರುವುದರಿಂದ ತಮಗೆ ಪೂರ್ತಿ ಚಿತ್ರ ಸಿಕ್ಕಿರಲಾರದು. ಅವರು ಎರಡು ಬಂಡಿ ಕಟ್ಟಿಸಿಕೊಂಡು, ಹಿಂದಿನ ಬಂಡಿಗೆ ನಮ್ಮ ಎಮ್ಮೆಯನ್ನು ಬಿಗಿದುಕೊಂಡು, ಜಡೆಮ್ಮನೂ ಸೇರಿ ಏಳು ಜನ ಬಂದು ಇಳಿದರು. ಚನ್ನಬಸಮ್ಮ ಯಾರ ಮುಖವನ್ನೂ ನೋಡದೆ ಸಾರೋಟನ್ನು ಒಂದು ಸುತ್ತು ಬಂದು ಮೂಸಿದಳು. "ಎಣ್ಣಿ ಹಚ್ಚಿ ಎರೀದ ಬಿಟ್ಟ ಕೂಸಿನಂಗ ಮಾಡೀರಿ ಇದನ್ನ. ಹಿಂಗ ಬಿಟ್ರ ಯಾವ ಕಾಲಕ್ಕ ಒಣಗಬೇಕು ಅದು? ಹಂಡೇಕ ನೀರು ಹಾಕ್ರಿ" ಎಂದಳು. ಹರಳೆಣ್ಣೆ ಹಚ್ಚಿದ ಮೇಲೆ ಬಿಸಿನೀರು ಎರೆಯಬೇಕೆಂಬುದು ಈ ಸೀಮೆಯ ಪ್ರತಿ ತಾಯಿಗೂ ಗೊತ್ತಿರುವ ಸಂಗತಿ; ರಾಜೇಸಾಬರಿಗೂ ನನಗೂ ಹೊಳೆದಿರಲಿಲ್ಲ. ಬುಟ್ಟಿಗಳಿಂದ ಸೀಗೆಪುಡಿ ಬಂತು, ನಮ್ಮದೇ ಒಲೆಯಿಂದ ಬೂದಿ ಬಂತು. "ಮದುಮಗನ್ನ ಗಟ್ಟಿ ಹಿಡೀರಲೇ, ಕಣ್ಣಾಗ ಸೀಗೀಪುಡಿ ಬಿದ್ರ ಓಡ್ಯಾನು!" ಎಂದು ಜಡೆಮ್ಮ ಸಾರೋಟಿನ ಚಕ್ರ ಹಿಡಿದುಕೊಂಡು ಕೂಗಿದಳು. ಏಳು ಜನ ಸೇರಿ ಸಾರೋಟಿಗೆ ಕುದಿವ ನೀರು ಹೊಯ್ದು, ಬೂದಿ ಉಜ್ಜಿ, ಸೀಗೆ ತಿಕ್ಕಿ, ಮಧ್ಯಾಹ್ನದೊಳಗೆ ಅದನ್ನು ಬರಿ ಮರಕ್ಕೆ ತಂದು, ಹಗ್ಗ ಕಟ್ಟಿ ಅಂಗಳದ ಬಿಸಿಲಿಗೆ ಎಳೆದು ನಿಲ್ಲಿಸಿದರು. ಎಮ್ಮೆ ಯಾರೂ ಹೇಳದೆಯೇ ಕೊಟ್ಟಿಗೆಯೊಳಗೆ ಹೋಯಿತು.

ನೀರು ಹೊಯ್ಯುವ ಮೊದಲು ಚನ್ನಬಸಮ್ಮ ಬಾಗಿಲ ಮೇಲಿದ್ದ ಈ ಪತ್ರವನ್ನು ಕಿತ್ತು, ಏನಿದೆಂದು ಕೇಳಿದಳು. ಅಲ್ಲಿದ್ದವರಲ್ಲಿ ಓದಲು ಬರುತ್ತಿದ್ದವನು ನಾನೊಬ್ಬನೇ. ಏಳು ಜನರ ಮುಂದೆ, ಮೊದಲಿನಿಂದ ಕೊನೆಯವರೆಗೆ, ಒಲೆಯ ಮಾತನ್ನೂ ಬಿಡದೆ ಓದಿದೆ. ಜಡೆಮ್ಮ ಬುಟ್ಟಿ ಇದ್ದದ್ದು ನಿಜವೆಂದು ಒಪ್ಪಿಕೊಂಡಳು. ಚನ್ನಬಸಮ್ಮ ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಹಾಳೆ ಎಣಿಸಿದಳು.

"ಮೂರು ತಿಂಗಳಾತು, ನನಗ ಒಂದು ಚೀಟಿ ಬರೀಲಿಲ್ಲ. ಬಣ್ಣಕ್ಕ ನಾಕು ಹಾಳಿ ಬರದೀರಿ."

ನಿನಗೆ ಓದಲು ಬರುವುದಿಲ್ಲವಲ್ಲ ಎಂದೆ.

"ಬಣ್ಣಕ್ಕ ಬರತೈತೇನು?"

ಹದಿನೈದು ವರ್ಷ ಎಂಥೆಂಥ ಕಚೇರಿಗಳಿಗೋ ಉತ್ತರ ಬರೆದ ನಾನು ಹಂಡೆಯ ಒಲೆಗೆ ಕಟ್ಟಿಗೆ ತರಲು ಹೋದೆ. ಈಗ ಅವಳು ಆರಿದ ಮರದ ಮೇಲೆ ಕೂತು, ಎದ್ದು, ಹಿಂದಿನಿಂದ ಏನೂ ಎದ್ದು ಬರಲಿಲ್ಲವೆಂದು ಸೀರೆ ಜಾಡಿಸಿ ನೋಡಿಕೊಂಡು ಒಳಗೆ ಹೋಗಿದ್ದಾಳೆ. ಒಲೆ ಅವಳ ಮಾತು ಕೇಳುತ್ತಿದೆ. ಉಳಿದ ಹೆಂಗಸರು ರಾಜೇಸಾಬರು ಕಲಸಿ ಕೊಟ್ಟಿದ್ದ ಹಸಿರು ಬಣ್ಣವನ್ನು ಎಮ್ಮೆಯ ಕೊಂಬಿಗೆ ಬಳಿದರು. ಅದು ನಾಳಿದ್ದಿಗೆ ಒಣಗುತ್ತದೆಂದು ನನಗೆ ಪೂರ್ಣ ನಂಬಿಕೆಯಿದೆ. ನಾನು ಬೇರೆ ಹಾಳೆ ತೆಗೆದು, ಮಾನ್ಯರೇ ಎಂದು ಬರೆದು, ಹೊಡೆದು ಹಾಕಿ, ಪ್ರೀತಿಯ ಚನ್ನಬಸಮ್ಮನಿಗೆ ಎಂದು ಬರೆದು ಮುಂದೇನೆಂದು ಯೋಚಿಸುತ್ತ ಕೂತೆ. ಎರಡನೆಯ ಸಾಲು ಹೊಳೆಯುವ ಮೊದಲೇ ಮೊದಲನೆಯ ಸಾಲಿನ ಶಾಯಿ ಒಣಗಿತ್ತು. ತಾವು ಇರುವಾಗ ಇದನ್ನು ನೋಡಿ ಕಲಿಯಬಹುದಿತ್ತು.