ಇಪ್ಪತ್ನಾಲ್ಕು ಮಂಚಗಳ ಸವಾರಿ

ಮಂಚದ ಕಾರ್ಖಾನೆಯ ರವಾನೆ ಗುಮಾಸ್ತರು ಬೆಳಿಗ್ಗೆ ಕುರ್ಚಿಗೆ ಬೆನ್ನು ಕೊಡುವಷ್ಟರಲ್ಲೇ ಮ್ಯಾನೇಜರರ ಇಮೇಲ್ ಬಂದು ಬಿತ್ತು: 'ಆಸ್ಪತ್ರೆಯ ಮಂಚ ಈಗಲೇ ಕಳಿಸಿ.'

ಮೂವತ್ತು ಮಂಚ ಲಾರಿ ಏರಿದವು. ಜೇಬಿನ ಮೊಬೈಲು ಗುರ್ರೆಂದಿತು. ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ, 'ಕಳಿಸಬೇಡಿ.' ಮಂಚಗಳು ಇಳಿದವು. ಮೇಜಿನ ಫೋನು ಬಡಿದುಕೊಂಡಿತು: “ಹತ್ತು ಸಾಕಂತೆ!” ಹತ್ತು ಏರಿದವು. ಸೊಂಟದ ವಾಕಿಟಾಕಿ ನೆಗಡಿಯಾದ ಮುದುಕನಂತೆ ಕೆಮ್ಮಿತು: “ಹತ್ತಲ್ಲ ಮಾರಾಯ್ರೆ, ಮೂವತ್ತೂ!”

“ಅಣ್ಣಾ, ನಾನು ಲಾರಿ ಓಡ್ಸೋಕೆ ಬಂದಿರೋದು. ಮಂಚಕ್ಕೆ ವ್ಯಾಯಾಮ ಮಾಡ್ಸೋಕಲ್ಲ,” ಎಂದ ಚಾಲಕ.

ಅಷ್ಟರಲ್ಲಿ ಟೈಪಿಸ್ಟ್ ಓಡಿಬಂದಳು. “ಸರ್, ಗುಂಪಲ್ಲಿ ಬಂದ ಮೆಸೇಜಿಗೆ ನೀವು ಹೆಬ್ಬೆಟ್ಟಿನ ಚಿತ್ರ ಒತ್ತಿಲ್ಲ. ನಿಮಗೆ ಸಿಟ್ಟು ಬಂದಿದೆ ಅಂತ ಎಲ್ಲರೂ ಮಾತಾಡ್ಕೋತಿದ್ದಾರೆ!”

ಅದುವರೆಗೆ ಬಾರದ ಸಿಟ್ಟು ಈಗ ಬಂದೇಬಿಟ್ಟಿತು. ಗುಮಾಸ್ತರು ಮೊಬೈಲು, ವಾಕಿಟಾಕಿ ಎರಡನ್ನೂ ಡ್ರಾಯರಿಗೆ ತುರುಕಿ ಬೀಗ ಜಡಿದರು. ಮೂವತ್ತೂ ಮಂಚ ಹೇರಿಸಿ ತಾವೂ ಲಾರಿ ಹತ್ತಿದರು.

“ನಡಿಯಪ್ಪ, ಆಸ್ಪತ್ರೆಯವರನ್ನೇ ಕೇಳೋಣ.”

ಆಸ್ಪತ್ರೆಯ ಬಾಗಿಲಲ್ಲೇ ಮುಖ್ಯ ನರ್ಸ್ ನಿಂತಿದ್ದರು. ಹಳೆಯ ವಾರ್ಡಿನ ಮಾಡು ಸೋರಿ ರೋಗಿಗಳೆಲ್ಲ ಮೊಗಸಾಲೆಯ ಬೆಂಚಿನ ಮೇಲಿದ್ದರು.

“ಎಷ್ಟು ಬೇಕಮ್ಮ?”

“ಇಪ್ಪತ್ನಾಲ್ಕು! ಬೆಳಿಗ್ಗೆಯಿಂದ ನಿಮ್ಮೋರಿಗೆ ಹೇಳಿ ಹೇಳಿ ಗಂಟಲು ಒಣಗೋಯ್ತು.”

ಅಷ್ಟೇ! ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಅಜ್ಜಿಯೊಬ್ಬಳು ಹೊಸ ಮಂಚದಲ್ಲಿ ಕಾಲು ಚಾಚಿ, “ಬೆನ್ನಿಗೆ ಜೀವ ಬಂತಪ್ಪ,” ಎಂದಾಗ ಗುಮಾಸ್ತರಿಗೆ ತಮ್ಮ ಬೆನ್ನೇ ಹಗುರಾದಂತಾಯಿತು.

ಉಳಿದ ಆರು ಮಂಚಗಳೊಂದಿಗೆ ಬೈಗುಳಕ್ಕೆ ಕಿವಿ ಸಿದ್ಧಮಾಡಿಕೊಂಡು ಮರಳಿದರೆ, ಮ್ಯಾನೇಜರರು ಎದ್ದು ಬಂದು ಕೈ ಕುಲುಕಿದರು.

“ನರ್ಸಮ್ಮ ನಿಮ್ಮನ್ನ ಬಾಯ್ತುಂಬ ಹೊಗಳಿದ್ರು ಕಣ್ರೀ! ಎದುರೆದುರು ಮಾತಾಡಿದ್ರೆ ಗೊಂದಲವೇ ಇಲ್ಲ. ಇವತ್ತಿಂದ ಇಮೇಲು, ಗುಂಪು, ಫೋನು, ವಾಕಿಟಾಕಿ ಎಲ್ಲಾ ಬಂದ್!”

ಕಚೇರಿ ಗಪ್‌ಚಿಪ್ಪಾಯಿತು. ಗುಮಾಸ್ತರು ಕಣ್ಮುಚ್ಚಿ ಆ ನಿಶ್ಶಬ್ದವನ್ನು ಸವಿಯುತ್ತಾ ಕುಳಿತರು. ಕಣ್ತೆರೆದರೆ ಎದುರಿಗೆ ಹನ್ನೊಂದು ಜನರ ಸಾಲು. ಮುಂದೆ ಟೈಪಿಸ್ಟ್.

“ಸರ್, ಮೂರನೇ ಮಹಡಿಯೋರಿಗೆ ಕಿಟಕಿ ಮುಚ್ಚೋಕೆ ಹೇಳಿ ಬರ್ತೀರಾ?”

“ನಾನ್ಯಾಕೆ?”

“ಇನ್ಮೇಲೆ ಯಾರು ಯಾರಿಗೆ ಏನು ಹೇಳ್ಬೇಕಾದ್ರೂ ನಿಮ್ಮ ಹತ್ರ ಹೇಳ್ಬೇಕಂತೆ, ನೀವು ಹೋಗಿ ಎದುರೆದುರು ಹೇಳ್ಬೇಕಂತೆ. ಮ್ಯಾನೇಜರ್ ಆರ್ಡರ್!”

ಗುಮಾಸ್ತರು ನಿಟ್ಟುಸಿರು ಬಿಟ್ಟು ಮೆಟ್ಟಿಲ ಕಡೆ ಹೆಜ್ಜೆ ಹಾಕಿದರು. ಪುಣ್ಯಕ್ಕೆ, ಕಟ್ಟಡಕ್ಕೆ ಇದ್ದದ್ದು ಮೂರೇ ಮಹಡಿ.