ಎರಡಕ್ಷರದ ಖಾಲಿ ಸೈಟು

ಗಂಡನಾದವನಿಗೆ ಏನಾದರೊಂದು ಕೊಳ್ಳುವ ಹುಚ್ಚು ಇರಲಿ, ಯಾರೂ ಬೇಡ ಎನ್ನುವುದಿಲ್ಲ. ಹಳೆಯ ರೇಡಿಯೋ ತಂದು ಗುಡ್ಡೆ ಹಾಕಿದರೆ ಮಂಚದ ಕೆಳಗೆ ತಳ್ಳಬಹುದು. ಕೆಟ್ಟ ಗಡಿಯಾರ ತಂದರೆ ಅವನು ಕೆಲಸಕ್ಕೆ ಹೋದ ಹೊತ್ತು ನೋಡಿ ಗುಜರಿಯವನಿಗೆ ತೂಕಕ್ಕೆ ಹಾಕಬಹುದು. ಆದರೆ ನಮ್ಮ ಪರದೆಯಮ್ಮನ ಗಂಡ ಕೊಳ್ಳುತ್ತಿದ್ದದ್ದು ಹೆಸರು. ಬರೀ ಹೆಸರು. ಹೆಸರನ್ನು ಗುಡಿಸಿ ಮೂಲೆಗೆ ಒತ್ತುವುದು ಹೇಗೆ? ಯಾವ ಗುಜರಿಯವನು ಅದನ್ನು ತಕ್ಕಡಿಗೆ ಹಾಕಿಯಾನು? ಆಕೆಯ ಹೊಟ್ಟೆಯುರಿಯ ಬುಡ ಇದ್ದದ್ದೇ ಅಲ್ಲಿ.

ಪರದೆಯಮ್ಮ ಎಂಬುದು ಬೀದಿಯವರು ಕರೆಯುವ ಹೆಸರು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕಿಟಕಿ ಬಾಗಿಲುಗಳಿಗೆ ಪರದೆ ಹೊಲಿದುಕೊಡುವುದು ಆಕೆಯ ಕಸುಬು. ಗಂಡ ಲಿಫ್ಟ್ ರಿಪೇರಿಯವನು. ಎಲ್ಲರ ಬಾಯಲ್ಲೂ ಮೇಸ್ತ್ರಿ. ಮೇಲೂ ಅಲ್ಲದ ಕೆಳಗೂ ಅಲ್ಲದ ಜಾಗದಲ್ಲಿ ದಿನವಿಡೀ ನೇತಾಡುವವನಿಗೆ ಐಡಿಯಾಗಳು ಬರುವುದೂ ಅಂಥ ಜಾಗದಲ್ಲೇ. ಎರಡು ಮಹಡಿಗಳ ನಡುವೆ ಏನೋ ಹೊಳೆಯಿತೆಂದರೆ ಮುಗಿಯಿತು. ಸಂಜೆ ಬಂದವನು ಕೈಯ ಗ್ರೀಸನ್ನು ಅರ್ಧಂಬರ್ಧ ತೊಳೆದು, ಕಂಪ್ಯೂಟರಿನ ಮುಂದೆ ಕೂತು, ಆ ಐಡಿಯಾಕ್ಕೆ ಇಂಟರ್ನೆಟ್ಟಿನಲ್ಲಿ ಒಂದು ವಿಳಾಸ ಕೊಳ್ಳುತ್ತಿದ್ದ. ಡೊಮೈನ್ ಎನ್ನುತ್ತಾರಲ್ಲ, ಅದು. ಆಮೇಲೆ ಐಡಿಯಾ ಏನಾಯಿತು ಎಂದು ಮಾತ್ರ ಕೇಳಬಾರದು. ನಾಮಕರಣದ ಸಂಭ್ರಮದಲ್ಲೇ ಕೂಸು ಕಣ್ಣು ಮುಚ್ಚುತ್ತಿತ್ತು.

ಮೊದಲ ಸಲ ಆತ "ಒಂದು ಸೈಟು ತಗೊಂಡೆ ಕಣೆ" ಎಂದಾಗ ಪರದೆಯಮ್ಮ ಸೂಜಿಯನ್ನು ಅಲ್ಲೇ ಬಿಟ್ಟು ಎದ್ದು ಬಂದಿದ್ದಳು. ಅತ್ತೆಯಂತೂ ಬೀದಿ ಎಷ್ಟು ಅಗಲ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದೆಲ್ಲ ವಿಚಾರಿಸಿದ್ದರು. ಅದು ಒಂಟಿಯಾಗಿ ಉಳಿದ ಕಾಲುಚೀಲಗಳಿಗೆ ಜೋಡಿ ಹುಡುಕಿಕೊಡುವ ಸೈಟು ಎಂದು ತಿಳಿದಾಗ ಆ ಮನೆಯಲ್ಲಿ ಕವಿದ ಮೌನ ಎರಡು ಹೊತ್ತಿನ ಊಟದವರೆಗೂ ನಡೆಯಿತು.

"ಹೆಸರು ಚಿಕ್ಕದಿರಬೇಕು," ಎಂಬುದು ಮೇಸ್ತ್ರಿಯ ಮಹಾಸಿದ್ಧಾಂತ. "ಉದ್ದ ಇದ್ರೆ ಜನ ಟೈಪ್ ಮಾಡೋಷ್ಟರಲ್ಲಿ ಮನಸ್ಸು ಬದಲಾಯಿಸ್ತಾರೆ."

"ನಿಮಗೆ ಅಷ್ಟು ಹೊತ್ತೂ ಬೇಡ ಬಿಡಿ," ಎನ್ನುತ್ತಿದ್ದಳು ಪರದೆಯಮ್ಮ.

ಆದರೆ ಚಿಕ್ಕ ಹೆಸರುಗಳನ್ನೆಲ್ಲ ಲೋಕದ ಜಾಣರು ಎಂದೋ ಬಾಚಿಕೊಂಡಿದ್ದರು. ಹಾಗಾಗಿ ಮೇಸ್ತ್ರಿ ಊಟಕ್ಕೆ ಕೂತರೂ "ಝು... ವು... ಕ್ಯೂ..." ಎಂದು ಅಕ್ಷರ ಕೂಡಿಸಿ ಕೂಡಿಸಿ ನೋಡುತ್ತಿದ್ದ. ಅತ್ತೆ ಮಗನ ದವಡೆ ಮುಟ್ಟಿ, "ಯಾವ ಹಲ್ಲೋ?" ಎಂದು ಕೇಳುತ್ತಿದ್ದರು. ಕೊನೆಗೆ ಸಿಗುತ್ತಿದ್ದದ್ದು ಅರ್ಥವಿಲ್ಲದ ಎರಡೋ ಮೂರೋ ಅಕ್ಷರ, ಒಂದು ಚುಕ್ಕಿ, ಚುಕ್ಕಿಯ ಹಿಂದೆ ಬಾಲದಂತೆ ಯಾವುದೋ ದ್ವೀಪರಾಷ್ಟ್ರದ ಗುರುತು. ಆ ದ್ವೀಪ ಭೂಪಟದಲ್ಲಿ ಎಲ್ಲಿದೆ ಎಂದು ತೋರಿಸಲು ಆತನಿಗೇ ಬರುತ್ತಿರಲಿಲ್ಲ. (ಅಲ್ಲಿಯ ಜನಕ್ಕಾದರೂ ಈ ಮೇಸ್ತ್ರಿ ತಮ್ಮ ಖಾಯಂ ಗಿರಾಕಿ ಎಂಬುದು ಗೊತ್ತಿತ್ತೋ ಇಲ್ಲವೋ.)

ಇಷ್ಟೆಲ್ಲ ಆಕೆ ಹಲ್ಲು ಕಚ್ಚಿ ಸಹಿಸಿದ್ದಳು. ಆ ವಾರ ಮಾತ್ರ ಆಗಲಿಲ್ಲ. ಕಾರಣ ಇತ್ತು.

ಊರಿನ ಹಳೆಯ ನಾಟಕಶಾಲೆಗೆ ಹೊಸ ಬಣ್ಣ ಬಳಿಯುತ್ತಿದ್ದರು. ರಂಗದ ಮುಂಪರದೆ ಹೊಲಿಯುವವರು ಬೇಕಾಗಿದ್ದರು. ಕಡುಗೆಂಪು ಮಖಮಲ್ಲು, ಆಳೆತ್ತರದ ಮೇಲೆ ಆಳೆತ್ತರ, ಕೆಳಗೆ ಬಂಗಾರದ ಅಂಚು. ಪರದೆಯಮ್ಮ ಒಂದು ತುಂಡು ಮಾದರಿ ಹೊಲಿದು ಕಳಿಸಿದ್ದಳು. ಕಳಿಸಿದಾಗಿನಿಂದ ಆಕೆಯ ಜೀವ ಅಂಗೈಯಲ್ಲಿತ್ತು. ವರ್ಷಗಟ್ಟಲೆ ಹೊಲಿದದ್ದೆಲ್ಲ ಮಲಗುವ ಕೋಣೆಯ ಪರದೆ, ಬಚ್ಚಲಿನ ಪರದೆ. ಬಿಸಿಲು ತಡೆಯಲು ಎಳೆಯುತ್ತಾರೆ, ಒಗೆಯಲು ಬಿಚ್ಚುತ್ತಾರೆ. ನಿಂತು ನೋಡುವವರು ಯಾರೂ ಇಲ್ಲ. ಜನ್ಮದಲ್ಲಿ ಒಮ್ಮೆಯಾದರೂ ಮೇಲೇಳುವಾಗ ಜನ ಉಸಿರು ಬಿಗಿಹಿಡಿಯುವ, ಇಳಿಯುವಾಗ ಚಪ್ಪಾಳೆ ತಟ್ಟುವ ಪರದೆ ಹೊಲಿಯಬೇಕು ಎಂಬ ಆಸೆ. ಗಂಡ ಮಾಡಿಕೊಟ್ಟಿದ್ದ ಅಂಗಡಿಯ ಇಂಟರ್ನೆಟ್ ಪುಟದಲ್ಲಿ ಗಿರಾಕಿಗಳು ಬರೆದದ್ದೆಲ್ಲ ಆಕೆಯ ಫೋನಿಗೇ ಬರುತ್ತಿತ್ತು. ಉತ್ತರ ಇವತ್ತು ಬಂದೀತು, ನಾಳೆ ಬಂದೀತು ಎಂದು ಆ ಫೋನನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಅಂಥ ಹೊತ್ತಿನಲ್ಲಿ ಮೇಸ್ತ್ರಿ ಬಂದು ಹೇಳಿದ: "ಒಂದು ಮೂರಕ್ಷರ ಸಿಕ್ಕಿದೆ ಕಣೆ. ಯಾರ ಮನೇಲಿ ಏಣಿ ಇದೆ, ಯಾರು ಎರವಲು ಕೊಡ್ತಾರೆ ಅಂತ ಹೇಳೋ ಸೈಟು ಮಾಡ್ತೀನಿ."

ಆಕೆಯ ತುಟಿಗಳ ನಡುವೆ ಗುಂಡುಪಿನ್ನುಗಳಿದ್ದವು. ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಈ ಸಾವಧಾನವನ್ನು ಕಂಡೇ ಅತ್ತೆ ತಮ್ಮ ಕುರ್ಚಿಯನ್ನು ಗೋಡೆಯ ಕಡೆ ಸರಿಸಿಕೊಂಡರು.

"ನಮ್ಮ ಮನೇಲಿ ಏಣಿ ಇದೆಯಾ?"

"ಇಲ್ಲ."

"ಎರವಲು ಬೇಕು ಅಂತ ಯಾರಾದ್ರೂ ಅತ್ರಾ?"

"ಇಲ್ಲ, ಆದ್ರೆ..."

"ಕೇಳಿ. ಇವತ್ತಿನಿಂದ ಈ ಮನೇಲಿ ಒಂದು ಕಾಯಿದೆ. ಹೊಸದೊಂದು ಬರಬೇಕಾದ್ರೆ ಹಳೇದೊಂದು ಹೋಗಬೇಕು. ಯಾವುದು ಅಂತ ಈಗಲೇ ಹೇಳಿ."

ಮೇಸ್ತ್ರಿಯ ಮುಖ ಸಣ್ಣಗಾಯಿತು. "ಎಲ್ಲಾ ನನ್ನ ಮಕ್ಕಳ ಥರ ಕಣೆ. ಹೆಂಗೆ ಆರಿಸಲಿ?"

"ನೀವು ಆರಿಸಬೇಡಿ. ನಾನು ಆರಿಸ್ತೀನಿ."

ಹೀಗೆ ಆ ಸಂಜೆ ಘನ ನ್ಯಾಯಾಲಯ ಸೇರಿತು. ಪರದೆಯಮ್ಮನದು ಏಕಸದಸ್ಯ ಪೀಠ, ಅತ್ತೆ ಪ್ರೇಕ್ಷಕರು, ಮೇಸ್ತ್ರಿ ಆರೋಪಿಗಳನ್ನು ಒಬ್ಬೊಬ್ಬರಾಗಿ ಕಂಪ್ಯೂಟರಿನ ಪರದೆಯ ಮೇಲೆ ಹಾಜರುಪಡಿಸಿದ. ಕಾಲುಚೀಲದ ಸೈಟಿನಲ್ಲಿ ಒಂದು ಒಂಟಿ ಕಾಲುಚೀಲ ಕಣ್ಣೀರಿಡುವ ಚಿತ್ರವಿತ್ತು. ಅತ್ತೆ ನಕ್ಕುಬಿಟ್ಟರು, ಅದು ಬದುಕಿತು. ಯಾವ ಯಾವ ಲಿಫ್ಟಿನಲ್ಲಿ ಕನ್ನಡಿ ಇದೆ ಎಂದು ತಿಳಿಸುವ ಇನ್ನೊಂದರಲ್ಲಿ ಒಂದೇ ಒಂದು ಲಿಫ್ಟಿನ ವಿವರವಿತ್ತು: ಕನ್ನಡಿ ಇದೆ, ಒಡೆದಿದೆ. ಏನೋ ಒಂದು ಇದೆಯಲ್ಲ ಎಂದು ಅದಕ್ಕೂ ಕ್ಷಮಾದಾನ ಸಿಕ್ಕಿತು. ಕುಂಡದ ಗಿಡಗಳಿಗೆ ಯಾವಾಗ ನೀರು ಹಾಕಬೇಕೆಂದು ನೆನಪಿಸುವ ಸೈಟಿನಲ್ಲಿ ಟೊಪ್ಪಿ ಹಾಕಿದ ಕೂಲಿಯವನೊಬ್ಬ ಗುದ್ದಲಿ ಎತ್ತಿ ನಿಂತಿದ್ದ. ಕೆಳಗೆ 'ಕೆಲಸ ನಡೆಯುತ್ತಿದೆ' ಎಂದು ಬರೆದಿತ್ತು.

"ಪಾಪ, ಎಷ್ಟು ವರ್ಷದಿಂದ ಗುದ್ದಲಿ ಇಳಿಸಿಲ್ಲವೋ," ಎಂದರು ಅತ್ತೆ. ಅವನೂ ಉಳಿದುಕೊಂಡ.

ಕೊನೆಗೆ ಬಂದದ್ದು ಎರಡೇ ಅಕ್ಷರದ್ದು. ಮೇಸ್ತ್ರಿಯ ಸಂಗ್ರಹದಲ್ಲೆಲ್ಲ ಅತಿ ಚಿಕ್ಕದು, ಆತ ಅತಿ ಹೆಮ್ಮೆಪಡುವಂಥದ್ದು. ತೆರೆದರೆ ಬಿಳೀ ಹಾಳೆ. ಚಿತ್ರವಿಲ್ಲ, ಅಕ್ಷರವಿಲ್ಲ, ಕೂಲಿಯವನೂ ಇಲ್ಲ.

"ಇದರಲ್ಲಿ ಏನಿದೆ?"

"ಅದು... ಅದು ಕೆಲಸ ಮಾಡ್ತಾ ಇದೆ ಕಣೆ."

"ಏನು ಕೆಲಸ? ಬೆಳ್ಳಗಿರೋ ಕೆಲಸನಾ?"

ಮೇಸ್ತ್ರಿ ಉತ್ತರಿಸಬೇಕೆನ್ನುವಷ್ಟರಲ್ಲಿ ಆತನ ಫೋನು ಬಡಿದುಕೊಂಡಿತು. ಬ್ಯಾಂಕಿನ ಲಿಫ್ಟು ನಡುವೆಲ್ಲೋ ನಿಂತಿತ್ತು, ಒಳಗೆ ಒಬ್ಬರು ದಪ್ಪ ಮನುಷ್ಯರು ಸಿಕ್ಕಿಕೊಂಡು ಲಿಫ್ಟನ್ನೂ ಬ್ಯಾಂಕನ್ನೂ ಒಟ್ಟಿಗೆ ಬೈಯುತ್ತಿದ್ದರು. ಮೇಸ್ತ್ರಿ ಚೀಲ ಹೆಗಲಿಗೇರಿಸಿ ಬಾಗಿಲ ಹತ್ತಿರ ತಿರುಗಿ, "ಅದೊಂದನ್ನ ಮುಟ್ಟಬೇಡ. ಬಂದು ಹೇಳ್ತೀನಿ," ಎಂದು ಓಡಿದ.

ಮುಟ್ಟಬೇಡ ಎಂದದ್ದೇ ತಪ್ಪಾಯಿತು. ಏನೂ ಇಲ್ಲದ್ದನ್ನು ಮುಟ್ಟಬೇಡ ಎನ್ನುವುದೆಂದರೆ ಅದರ ಮೇಲೆ ಎಂಥ ಮೋಹವಿರಬೇಕು! ಪರದೆಯಮ್ಮ ಹುಡುಕಿ ಹುಡುಕಿ 'ಅಳಿಸಿ' ಎಂಬ ಕಡೆ ಬಂದಳು. ಕಂಪ್ಯೂಟರು ಒಂದು ಎಚ್ಚರಿಕೆ ತೋರಿಸಿತು: ಇದಕ್ಕೆ ಸಂಬಂಧಪಟ್ಟದ್ದೆಲ್ಲ ನಿಂತುಹೋಗುತ್ತದೆ, ಆಗಬಹುದೆ?

"ನೋಡಿ ಅತ್ತೆ, ನಿಂತುಹೋಗುತ್ತಂತೆ. ನಡೀತಿದ್ದದ್ದಾದ್ರೂ ಏನು?"

"ಅವನು ಬರಲಿ ತಾಳಮ್ಮ," ಎಂದರು ಅತ್ತೆ.

ಪೀಠ ಆ ಮನವಿಯನ್ನು ತಳ್ಳಿಹಾಕಿತು. ಬಿಳೀ ಹಾಳೆಗೆ ಮರಣದಂಡನೆ ಆಯಿತು. ಮೇಸ್ತ್ರಿ ಬೆವರೊರೆಸುತ್ತ ಮನೆಗೆ ಬಂದಾಗ ಆಕೆ ಆತನಿಗೆ ಬಾಯಿ ತೆರೆಯಲೂ ಬಿಡಲಿಲ್ಲ. "ಒಂದು ಹೋಯ್ತು. ಯಾವುದು ಅಂತ ಕೇಳಬೇಡಿ, ಗೋಳಾಡಬೇಡಿ. ಇನ್ಮೇಲೆ ಈ ಮನೇಲಿ ಆ ವಿಷಯ ಎತ್ತಕೂಡದು. ಅತ್ತೆ, ನಿಮಗೂ ಹೇಳ್ತಿದೀನಿ."

ತಾನು ಮುಟ್ಟಬೇಡವೆಂದು ಹೇಳಿ ಹೋದದ್ದನ್ನು ಬಿಟ್ಟು ಬೇರೆ ಯಾವುದೋ ಹೋಗಿರಬೇಕು ಎಂದು ಮೇಸ್ತ್ರಿ ನಂಬಿದ. ಗುದ್ದಲಿಯವನೇ ಇರಬೇಕು ಎಂದುಕೊಂಡು ಒಳಗೊಳಗೇ ಅವನಿಗಾಗಿ ಮರುಗಿದ. ಅತ್ತೆ ಬಾಯಿಗೆ ಬೀಗ ಹಾಕಿಕೊಂಡರು. ಮನೆ ಎಷ್ಟು ನೆಮ್ಮದಿಯಾಯಿತೆಂದರೆ ಗಡಿಯಾರದ ಸದ್ದೂ ಕೇಳಿಸತೊಡಗಿತು.

ಮತ್ತೊಂದು ಸದ್ದು ಮಾತ್ರ ಕೇಳಿಸಲಿಲ್ಲ. ಪರದೆಯಮ್ಮನ ಫೋನಿನದು.

ನಾಟಕಶಾಲೆಯವರಿರಲಿ, ಒಂದು ಬಚ್ಚಲಿನ ಪರದೆಯವರೂ ಕೇಳುತ್ತಿಲ್ಲ. ಆಕೆ ಮೊದಲು ನಾಟಕಶಾಲೆಯವರನ್ನು ಬೈದಳು. ಆಮೇಲೆ ಊರಿನ ಕಿಟಕಿಗಳನ್ನೇ ಬೈದಳು. ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ನಾಟಕಶಾಲೆಗೇ ಹೋದಳು. ಪರದೆಯಿಲ್ಲದ ರಂಗ ಬಾಯಿ ತೆರೆದುಕೊಂಡು ನಿಂತಿತ್ತು. ಬಣ್ಣದ ವಾಸನೆಯ ನಡುವೆ ಮ್ಯಾನೇಜರು ಕುರ್ಚಿಗಳ ಸಾಲು ಸರಿಮಾಡಿಸುತ್ತಿದ್ದರು.

"ಅಯ್ಯೋ, ನೀವು ಇದ್ದೀರಾ ಅಮ್ಮ?" ಎಂದರು ಅವರು.

"ಇರದೇ ಎಲ್ಲಿಗೆ ಹೋಗ್ಲಿ ಸಾರ್?"

"ಅಲ್ಲ, ನಿಮ್ಮ ಹೊಲಿಗೆ ನಮ್ಮ ಕಮಿಟಿಯವರಿಗೆಲ್ಲ ತುಂಬಾ ಹಿಡಿಸ್ತು. ನಿಮ್ಮ ಪುಟದಲ್ಲಿ 'ನಮಗೆ ಬರೆಯಿರಿ' ಅಂತ ಗುಂಡಿ ಇದೆಯಲ್ಲ, ಅದನ್ನ ಒತ್ತಿ ಬರೆದೆ. ಬರೆದದ್ದು ಬರೆದ ಹಾಗೇ ವಾಪಸ್ ಬಂತು, ಅಂಥ ವಿಳಾಸವೇ ಇಲ್ಲ ಅಂತ. ಮತ್ತೆ ಬರೆದೆ, ಮತ್ತೆ ವಾಪಸ್. ಅಂಗಡಿ ಮುಚ್ಚಿಹೋಯ್ತು ಅಂದ್ಕೊಂಡ್ವಿ."

"ಎದುರಿಗೇ ನಿಂತಿದ್ದೀನಲ್ಲ ಸಾರ್."

"ನನಗೆ ಕಾಣ್ತಿದ್ದೀರಿ. ಕಮಿಟಿಯವರು ನಂಬಬೇಕಲ್ಲ. ಇಷ್ಟು ಬಟ್ಟೆ ಕೊಟ್ಟ ಮೇಲೆ ಮಾಯವಾಗಿಬಿಟ್ರೆ ಅಂತಾರೆ. ನಾಳೆ ಮಧ್ಯಾಹ್ನ ಸಭೆ ಇದೆ. ಬೆಳಿಗ್ಗೆ ಮತ್ತೆ ಬರೀತೀನಿ. ನಿಮಗೆ ಮುಟ್ಟಿ ಉತ್ತರ ಬಂದ್ರೆ ಪರದೆ ನಿಮ್ಮದು. ಇಲ್ಲಾಂದ್ರೆ ಬೇರೆ ಕಂಪನಿಯವರು ಕಾಯ್ತಾ ಇದ್ದಾರೆ."

ಪರದೆಯಮ್ಮ ಮನೆಗೆ ಬಂದ ರಭಸಕ್ಕೆ ಬಾಗಿಲ ಪರದೆ ಕೊಂಡಿಯಿಂದ ಕಳಚಿತು. ಮೇಸ್ತ್ರಿ ಚಹಾ ಕುಡಿಯುತ್ತಿದ್ದ.

"ನನ್ನ ಅಂಗಡಿ ಪುಟಕ್ಕೆ ಏನು ಮಾಡಿದ್ರಿ? ಊರಲ್ಲೆಲ್ಲ ಲಿಫ್ಟು ರಿಪೇರಿ ಮಾಡ್ತೀರಿ, ಹೆಂಡತಿಯ ಒಂದು ಗುಂಡಿ ನೆಟ್ಟಗಿಡೋಕೆ ಆಗಲ್ವಾ?"

"ಗುಂಡಿಗೆ ಏನೂ ಆಗಿರಲ್ಲ ಕಣೆ. ಅದು ಆ ಎರಡಕ್ಷರದ ಹೆಸರಿಗೆ ಹೋಗುತ್ತೆ, ಅಲ್ಲಿಂದ ನಿನ್ನ ಫೋನಿಗೆ ಬರುತ್ತೆ. ಲಿಫ್ಟಿನ ಹಾಗೆ. ಜನಕ್ಕೆ ಪೆಟ್ಟಿಗೆ ಕಾಣುತ್ತೆ, ಎಳೆಯೋ ತೂಕ ಗೋಡೆ ಹಿಂದೆ ಇರುತ್ತೆ."

"ಯಾವ ಎರಡಕ್ಷರ?"

ಕೇಳಿದ ಮೇಲೆ ಆಕೆಗೇ ಹೊಳೆಯಿತು. ತನ್ನ ಅಂಗಡಿಯ ಗುಂಡಿಯನ್ನು ತಾನೇ ಒತ್ತಿ ನೋಡುವ ಅಂಗಡಿಯವರು ಯಾರಿದ್ದಾರೆ? ಆಕೆಯೂ ನೋಡಿರಲಿಲ್ಲ.

ಅತ್ತೆ ಗೋಡೆಯ ಕಡೆ ನೋಡುತ್ತ ಹೇಳಿದರು: "ಆ ವಿಷಯ ಎತ್ತಕೂಡದು ಅಂತ ಕಾಯಿದೆ ಇದೆ. ಇಲ್ಲದಿದ್ರೆ ನಾನು ಹೇಳ್ತಿದ್ದೆ."

ಮೇಸ್ತ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಆತ ಲೋಟವನ್ನು ಕೆಳಗಿಟ್ಟ. "ಬೆಳ್ಳಗಿದ್ದದ್ದನ್ನಾ?"

"ಏನೂ ಇಲ್ಲ ಅನ್ನೋ ಹಾಗೆ ಇತ್ತು," ಎಂದಳು ಪರದೆಯಮ್ಮ. ಆಕೆಯ ಗಂಟಲಿನಿಂದ ಅಷ್ಟು ಸಣ್ಣ ಧ್ವನಿ ಬಂದದ್ದನ್ನು ಆ ಮನೆಯವರು ಅದೇ ಮೊದಲು ಕೇಳಿದ್ದು.

"ಈಗ ನಾನು ಮಾತಾಡಬಹುದಾ, ಕೂಡದಾ?"

"ಮಾತಾಡಿ. ದಮ್ಮಯ್ಯ ಅಂತೀನಿ, ಮಾತಾಡಿ."

ಮೇಸ್ತ್ರಿ ಹೆಸರು ಮಾರುವ ಕಂಪನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಆ ಕಡೆ ಒಬ್ಬ ಹುಡುಗಿ. ಅಳಿಸಿದ ಹೆಸರು ಇನ್ನೂ ಪೂರ್ತಿ ಕೈತಪ್ಪಿಲ್ಲ, ದಂಡ ಕಟ್ಟಿದರೆ ಬಿಡಿಸಿಕೊಳ್ಳಬಹುದು ಎಂದಳು. ಆ ದಂಡದಲ್ಲಿ ಏಣಿಯ ಸೈಟು, ಏಣಿ, ಏಣಿಯನ್ನು ಒರಗಿಸಲು ಒಂದು ಗೋಡೆ ಎಲ್ಲವೂ ಬರುತ್ತಿದ್ದವು.

"ಅಳಿಸಿದ್ದಕ್ಕೆ ಕಾರಣ ಬರ್ಕೋಬೇಕು ಸಾರ್."

ಮೇಸ್ತ್ರಿ ಫೋನನ್ನು ಮೆಲ್ಲಗೆ ಹೆಂಡತಿಯ ಕಡೆ ತಳ್ಳಿದ. ಪರದೆಯಮ್ಮ ಸೆರಗಿನ ತುದಿ ನೋಡಿಕೊಂಡು, "ಅದರಲ್ಲಿ ಏನೂ ಇಲ್ಲ ಅಂದ್ಕೊಂಡೆ," ಎಂದಳು.

"ಹಾಗೇ ಬರೀತೀನಿ ಮೇಡಂ. ಬೇಜಾರು ಮಾಡ್ಕೋಬೇಡಿ. ಗಂಡಂದಿರ ಹೆಸರು ಅಳಿಸಿದವರೆಲ್ಲ ಇದನ್ನೇ ಹೇಳೋದು."

ಮರುದಿನ ಬೆಳಿಗ್ಗೆ ಆಕೆ ಯಂತ್ರಕ್ಕೆ ದಾರ ಪೋಣಿಸುತ್ತ ಕೂತಿದ್ದಳು. ದಾರ ಸೂಜಿಯ ಕಣ್ಣನ್ನು ಬಿಟ್ಟು ಮಿಕ್ಕೆಲ್ಲ ಕಡೆ ಹೋಗುತ್ತಿತ್ತು. ಆಗ ಫೋನು ಟಿಣ್ ಎಂದಿತು. ಮ್ಯಾನೇಜರ ಪತ್ರ. ಆಕೆ ಉತ್ತರ ಬರೆದಳು, ಮುಟ್ಟಿತೇ ಎಂದು ಫೋನು ಮಾಡಿ ಕೇಳಿದಳು, ಮುಟ್ಟಿದ್ದು ನಿಜವೇ ಎಂದು ಮತ್ತೊಮ್ಮೆ ಕೇಳಿದಳು. ಸಂಜೆಯ ಹೊತ್ತಿಗೆ ಎರಡನೆಯ ಪತ್ರ ಬಂತು. ರಂಗದ ಪರದೆ ಪರದೆಯಮ್ಮನಿಗೇ!

ಅತ್ತೆ ಕೈ ಹಿಡಿದುಕೊಂಡರು. ಮೇಸ್ತ್ರಿಯ ಕಣ್ಣು ತೇವವಾಯಿತು (ಪರದೆಗಾಗಿಯೋ, ಎರಡಕ್ಷರ ಮರಳಿ ಬಂದದ್ದಕ್ಕೋ, ಹೇಳುವುದು ಕಷ್ಟ). ಪರದೆಯಮ್ಮ ಪತ್ರವನ್ನು ಗಟ್ಟಿಯಾಗಿ ಓದಿದಳು. ಕೊನೆಯ ಸಾಲಿಗೆ ಬಂದಾಗ ಆಕೆಯ ಧ್ವನಿ ತಗ್ಗಿ, ನಿಂತೇಹೋಯಿತು.

"ಇನ್ನೇನು ಬರೆದಿದ್ದಾರೆ?" ಎಂದ ಮೇಸ್ತ್ರಿ.

"ಏನಿಲ್ಲ."

"ಏನೂ ಇಲ್ಲ ಅನ್ನೋ ನಿನ್ನ ಮಾತನ್ನ ಇನ್ಮೇಲೆ ನಾನು ನಂಬಲ್ಲ. ಓದು."

ಕೊನೆಯ ಸಾಲು ಹೀಗಿತ್ತು: ಪರದೆ ಹೊಲಿದವರ ವಿಳಾಸವನ್ನು ಪ್ರತಿ ನಾಟಕದ ಕರಪತ್ರದಲ್ಲೂ ಅಚ್ಚುಹಾಕಬೇಕೆಂದು ಕಮಿಟಿಯ ಇಚ್ಛೆ. ಆದರೆ ತಮ್ಮ ಪುಟದ ಹೆಸರು ಕರಪತ್ರದ ಅಗಲಕ್ಕೆ ಹಿಡಿಸುತ್ತಿಲ್ಲ. ತಮ್ಮಲ್ಲಿ ಚಿಕ್ಕದು ಯಾವುದಾದರೂ ಇದೆಯೆ?

ಇಲ್ಲಿಯವರೆಗೆ ಹೇಳದೆ ಉಳಿಸಿಕೊಂಡದ್ದು ಆಕೆಯ ಮೇಲಿನ ಮರ್ಯಾದೆಯಿಂದ. ಈಗ ಹೇಳದೆ ವಿಧಿಯಿಲ್ಲ. ತನ್ನ ಅಂಗಡಿಯ ಪುಟಕ್ಕೆ ಹೆಸರಿಡುವಾಗ ಪರದೆಯಮ್ಮ, ಗಂಡನ ಸಿದ್ಧಾಂತಕ್ಕೆ ಸಡ್ಡು ಹೊಡೆದು, 'ನಿಮ್ಮ ಮನೆಯ ಕಿಟಕಿ ಬಾಗಿಲುಗಳಿಗೆ ಒಪ್ಪುವ ಅಂದವಾದ ಗಟ್ಟಿಮುಟ್ಟಾದ ಪರದೆಗಳು' ಎಂಬುದನ್ನು ಎಲ್ಲೂ ಬಿಡುವಿಲ್ಲದಂತೆ ಒಂದೇ ಉಸಿರಿಗೆ ಸೇರಿಸಿ ಇಟ್ಟಿದ್ದಳು.

ಮೇಸ್ತ್ರಿ ನಗಲಿಲ್ಲ. ನಕ್ಕಿದ್ದರೆ ಒಂದು ಜಗಳವಾಡಿ ಹಗುರವಾಗಬಹುದಿತ್ತು. ಆತ ಸುಮ್ಮನೆ ಎದ್ದು, ಕಂಪ್ಯೂಟರು ಹಚ್ಚಿ, ತನ್ನ ಕುರ್ಚಿಯ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದಿಟ್ಟ. ಬಿಡಿಸಿಕೊಂಡು ತಂದ ಎರಡಕ್ಷರವನ್ನು ಮತ್ತೆ ಮುಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಪರದೆಯಮ್ಮ ಬಂದು ಕೂತಳು.

"ಐದಕ್ಷರ. ಇದು ಹೇಗೆ?"

"ಊಹೂಂ."

"ನಾಲ್ಕು?"

"ಬೇಡ."

ಮೇಸ್ತ್ರಿ ಹುಡುಕುತ್ತ ಹೋದ. ಅತ್ತೆ ಸಾಕಾಗಿ ಎದ್ದು ಒಳಗೆ ಹೋದರು. ಕೊನೆಗೆ ಆತ ಬೆರಳು ತೋರಿಸಿ ಪಿಸುಗುಟ್ಟಿದ: "ನೋಡೇ, ಮೂರೇ ಅಕ್ಷರ. ಇನ್ನೂ ಯಾರೂ ತಗೊಂಡಿಲ್ಲ."

ಪರದೆಯಮ್ಮ ಕನ್ನಡಕ ಮೇಲಕ್ಕೆ ತಳ್ಳಿ, ಮುಂದಕ್ಕೆ ಬಾಗಿ, ಬಟ್ಟೆಯ ಅಳತೆ ನೋಡುವ ಗಾಂಭೀರ್ಯದಿಂದ ಆ ಮೂರಕ್ಷರವನ್ನು ಎಡದಿಂದ ಬಲಕ್ಕೆ ನೋಡಿದಳು.

"ಉದ್ದ ಆಯ್ತಲ್ರೀ," ಎಂದಳು. "ಇನ್ನೊಂದಕ್ಷರ ಕಡಿಮೆ ಮಾಡೋಕಾಗುತ್ತಾ ನೋಡಿ."